ಆಲ್ಗಾಲ್ ತೂಗಿದ ಲೆಕ್ಕ: ಒಂದು ಗ್ರಹಣ ಜೋಡಿಯ ಪ್ರಕರಣ

ಡಿಸೆಂಬರ್ ಕೊನೆಯ ವಾರ, ರಾತ್ರಿ ಒಂಬತ್ತರ ಹೊತ್ತಿಗೆ ಮಾಳಿಗೆ ಹತ್ತಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಬೆಂಗಳೂರಿನಿಂದ ನೋಡುವುದಾದರೆ ದಿಗಂತದಿಂದ ಸುಮಾರು 62 ಡಿಗ್ರಿ ಮೇಲೆ, ಪರ್ಸಿಯಸ್ ಪುಂಜದಲ್ಲಿ ಒಂದು ಬಿಳಿ ಚುಕ್ಕೆ ಇರುತ್ತದೆ. ಅದೇ ಆಲ್ಗಾಲ್. ಅರಬ್ಬೀ ಹೆಸರಿನ ಅರ್ಥ ಭೂತದ ತಲೆ. ಹುಡುಕೋದು ಕಷ್ಟವಿಲ್ಲ. ಕೃತ್ತಿಕೆಯಿಂದ ಕ್ಯಾಸಿಯೋಪಿಯಾ ಕಡೆಗೆ ಕಣ್ಣು ಹಾಯಿಸಿದರೆ ಹಾದಿಯಲ್ಲೇ ಸಿಗುತ್ತದೆ.

ಮಾಮೂಲಿ ದಿನ ಅದರ ಕಾಂತಿಮಾನ 2.1. ಈ ಲೆಕ್ಕದಲ್ಲಿ ಸಂಖ್ಯೆ ಏರಿದಷ್ಟೂ ನಕ್ಷತ್ರ ಮಂಕು. ಎರಡೂವರೆ ದಿನದ ಹತ್ತಿರ ಹತ್ತಿರ ಅದು ಹಾಗೇ ಇರುತ್ತದೆ. ಆಮೇಲೆ ಐದು ಗಂಟೆಯೊಳಗೆ 3.4ಕ್ಕೆ ಇಳಿಯುತ್ತದೆ. ಅಂದರೆ ಬೆಳಕು ಮೂರರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ ಉಳಿಯುತ್ತದೆ. ಮತ್ತೆ ಐದು ಗಂಟೆಯಲ್ಲಿ ಮೊದಲಿನಂತೆ. 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಇದೇ ಆಟ.

ಅಲ್ಲಿರುವುದು ಒಂದು ನಕ್ಷತ್ರವಲ್ಲ. ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳು ಸರದಿಯಂತೆ ಒಂದಕ್ಕೊಂದು ಗ್ರಹಣ ಹಿಡಿಸುತ್ತವೆ. ಇದು ಈಗ ಎಲ್ಲರಿಗೂ ಗೊತ್ತು. ಆದರೆ ಎರಡನ್ನೂ ಬೇರೆ ಬೇರೆಯಾಗಿ ನೋಡಲು ಹೋದರೆ? ಎರಡೂವರೆ ಸೆಂಟಿಮೀಟರ್ ಅಗಲದ ಒಂದು ನಾಣ್ಯವನ್ನು ಶ್ರೀನಗರದಲ್ಲಿಟ್ಟು ಬೆಂಗಳೂರಿನಿಂದ ನೋಡಿದಂತೆ. ಆ ನಾಣ್ಯದ ಎರಡು ಅಂಚುಗಳ ನಡುವೆ ಎಷ್ಟು ಕೋನ ಕಾಣಬಹುದೋ, ಈ ಎರಡು ನಕ್ಷತ್ರಗಳ ನಡುವೆ ಇರುವುದೂ ಅಷ್ಟೇ.

ಹಾಗಿದ್ದೂ ಇವುಗಳ ತೂಕ, ಗಾತ್ರ, ಬಿಸಿ, ನಡುವಿನ ದೂರ ಎಲ್ಲ ನಮಗೆ ಗೊತ್ತು. ನನಗೆ ಈ ಪ್ರಕರಣದಲ್ಲಿ ಉತ್ತರಕ್ಕಿಂತ ಅದು ಬಂದ ದಾರಿ ಜಾಸ್ತಿ ಇಷ್ಟ. 1783ರಲ್ಲಿ ಗಡಿಯಾರ ಸಿಕ್ಕಿತು. 1889ರಲ್ಲಿ ತಕ್ಕಡಿಯ ಒಂದು ತಟ್ಟೆ ಸಿಕ್ಕಿತು. ಇನ್ನೊಂದು ತಟ್ಟೆ ಸಿಕ್ಕಿದ್ದು 1978ರಲ್ಲಿ. ನಡುವಿನ 89 ವರ್ಷ ಎಲ್ಲರೂ ಒಂದೇ ತಟ್ಟೆಯಲ್ಲಿ ತೂಗುತ್ತಿದ್ದರು.

ಮುಂದೆ ಬಿಸಿಯಾದ, ಪ್ರಕಾಶಮಾನ ನಕ್ಷತ್ರವನ್ನು ಎ ಅನ್ನುತ್ತೇನೆ, ಅದಕ್ಕೆ ಅಡ್ಡ ಬರುವ ಮಂಕು ನಕ್ಷತ್ರವನ್ನು ಬಿ ಅನ್ನುತ್ತೇನೆ. ಸಿ ಅಂತ ಮೂರನೆಯದೊಂದಿದೆ, ಅದು ಆಮೇಲೆ ಬರುತ್ತದೆ.

ಗಡಿಯಾರ

ಆಲ್ಗಾಲ್ ಮಂಕಾಗುವುದನ್ನು 17ನೇ ಶತಮಾನದಲ್ಲೇ ಇಟಲಿಯ ಜೆಮಿನಿಯಾನೊ ಮೊಂಟನಾರಿ ಗಮನಿಸಿದ್ದ. ಆದರೆ ಅದಕ್ಕೊಂದು ಲಯವಿದೆ ಎಂದು ಹಿಡಿದವನು ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಜಾನ್ ಗುಡ್‌ರಿಕ್. 1782ರ ನವೆಂಬರ್ 12ರ ರಾತ್ರಿ ಆಲ್ಗಾಲ್ ಮಂಕಾಗಿರುವುದನ್ನು ನೋಡಿದಾಗ ಅವನಿಗೆ 18 ವರ್ಷ. ಕಿವಿ ಕೇಳಿಸುತ್ತಿರಲಿಲ್ಲ. ಜೊತೆಗೆ ನೆರೆಯ ಎಡ್ವರ್ಡ್ ಪಿಗಟ್ ಇದ್ದ. ಮುಂದಿನ ವರ್ಷ ರಾಯಲ್ ಸೊಸೈಟಿಗೆ ಕಳಿಸಿದ ಲೇಖನದಲ್ಲಿ ಅವನು ಕೊಟ್ಟ ಅವಧಿ 2 ದಿನ ಇಪ್ಪತ್ತೂಮುಕ್ಕಾಲು ಗಂಟೆ. ಇವತ್ತಿನ ಲೆಕ್ಕಕ್ಕೆ ನಾಲ್ಕೇ ನಿಮಿಷ ವ್ಯತ್ಯಾಸ. ಕಾರಣವಾಗಿ ಎರಡು ಊಹೆ ಬರೆದಿದ್ದ. ದೊಡ್ಡದೊಂದು ಕಾಯ ಸುತ್ತುತ್ತ ಅಡ್ಡ ಬರುತ್ತಿರಬಹುದು, ಇಲ್ಲವೇ ನಕ್ಷತ್ರದ ಒಂದು ಬದಿಯಲ್ಲಿ ಕಲೆಗಳಿದ್ದು ಅದು ತಿರುಗುವಾಗ ನಮ್ಮ ಕಡೆಗೆ ಬರುತ್ತಿರಬಹುದು. ಆ ವರ್ಷದ ಕಾಪ್ಲಿ ಪದಕ ಅವನಿಗೆ ಸಿಕ್ಕಿತು. 1786ರಲ್ಲಿ, 21ನೇ ವಯಸ್ಸಿಗೇ ತೀರಿಕೊಂಡ.

ಬರಿಗಣ್ಣಿನಲ್ಲಿ ಇಷ್ಟು ನಿಖರವಾಗಿ ಹೇಗೆ ಸಾಧ್ಯ? ಗುಟ್ಟು ಕಣ್ಣಿನಲ್ಲಿಲ್ಲ, ಎಣಿಕೆಯಲ್ಲಿದೆ. ಒಂದು ಗ್ರಹಣದ ಮಧ್ಯಕಾಲ ಗುರುತಿಸುವಾಗ ಕಾಲು ಗಂಟೆ ತಪ್ಪಿತು ಅಂದುಕೊಳ್ಳಿ. ಮುಂದೆ ನೂರು ಗ್ರಹಣ ಬಿಟ್ಟು, ಅಂದರೆ 287 ದಿನ ಕಳೆದು, ಇನ್ನೊಂದು ಮಧ್ಯಕಾಲ ಗುರುತಿಸಿ ನೂರರಿಂದ ಭಾಗಿಸಿ. ಆ ಕಾಲು ಗಂಟೆಯ ತಪ್ಪೂ ನೂರು ಪಾಲಾಗಿ ಒಂಬತ್ತು ಸೆಕೆಂಡಿಗೆ ಇಳಿಯುತ್ತದೆ. ನಡುವಿನ ಗ್ರಹಣಗಳನ್ನು ನೋಡದಿದ್ದರೂ ನಡೆಯುತ್ತದೆ. ಎಷ್ಟು ಕಳೆದವು ಎಂಬ ಎಣಿಕೆ ಮಾತ್ರ ತಪ್ಪಬಾರದು.

ನೋಡುವ ವಿಧಾನ ಇವತ್ತಿಗೂ ಅದೇ. ಕಾಂತಿಮಾನ ಗೊತ್ತಿರುವ ಅಕ್ಕಪಕ್ಕದ ನಕ್ಷತ್ರಗಳ ಜೊತೆ ಹೋಲಿಸಬೇಕು. ಆಂಡ್ರೊಮಿಡಾ ಪುಂಜದ ಆಲ್ಮಾಕ್ 2.1. ಪರ್ಸಿಯಸ್‌ನ ಎಪ್ಸಿಲಾನ್ 2.9. ತ್ರಿಕೋನ ಪುಂಜದ ಆಲ್ಫಾ 3.4. ಆಲ್ಗಾಲ್ ಯಾವುದಕ್ಕಿಂತ ಹೆಚ್ಚು, ಯಾವುದಕ್ಕಿಂತ ಕಡಿಮೆ ಎಂದು ಕಾಲು ಗಂಟೆಗೊಮ್ಮೆ ಬರೆದಿಡುತ್ತಾ ಹೋದರೆ ಆಯಿತು.

ನನ್ನದೊಂದು ಪೆದ್ದುತನ ಹೇಳಿಬಿಡುತ್ತೇನೆ. ಮೊದಲ ಸಲ ಪಟ್ಟಿ ನೋಡಿ ಮಧ್ಯಕಾಲದ ಹೊತ್ತು ಬರೆದುಕೊಂಡು, ಶಾಲು ಹೊದ್ದು ಮಾಳಿಗೆ ಹತ್ತಿ ಕೂತೆ. ಆಲ್ಗಾಲ್ ಸುಮ್ನೆ ಬೆಳಗುತ್ತಲೇ ಇತ್ತು. ಎರಡು ಗಂಟೆ ಕಾದು ಕೆಳಗಿಳಿದೆ. ಪಟ್ಟಿಯಲ್ಲಿದ್ದದ್ದು ಗ್ರೀನಿಚ್ ಸಮಯ. ಐದೂವರೆ ಗಂಟೆ ಕೂಡಿಸುವುದನ್ನೇ ಮರೆತಿದ್ದೆ. ಆದರೆ ಒಂದು ಅನುಕೂಲವಿದೆ. ಅವಧಿ ಮೂರು ದಿನಕ್ಕೆ 3 ಗಂಟೆ 11 ನಿಮಿಷ ಕಡಿಮೆ. ಒಂದು ಗ್ರಹಣ ನಡುರಾತ್ರಿಗೆ ಸಿಕ್ಕಿದರೆ, ಮೂರನೆಯ ದಿನ ರಾತ್ರಿ ಒಂಬತ್ತಕ್ಕೆ ಮುಂಚೆಯೇ ಇನ್ನೊಂದು ಸಿಗುತ್ತದೆ. ಮತ್ತೆ ಮೂರು ದಿನಕ್ಕೆ ಸಂಜೆಯಾಗಿಬಿಡುತ್ತದೆ.

ಸ್ಪರ್ಶ, ಮಧ್ಯ, ಮೋಕ್ಷ

ಪಂಚಾಂಗದಲ್ಲಿ ಗ್ರಹಣಕ್ಕೆ ಮೂರು ಹೊತ್ತು ಕೊಟ್ಟಿರುತ್ತಾರಲ್ಲ, ಅವೇ ಮಾತು ಇಲ್ಲಿಗೂ ಒಪ್ಪುತ್ತವೆ. ಆಲ್ಗಾಲ್‌ನ ಸ್ಪರ್ಶದಿಂದ ಮೋಕ್ಷದವರೆಗೆ ಹತ್ತು ಗಂಟೆಗೆ ತುಸು ಕಡಿಮೆ. 9.7 ಗಂಟೆ ಎಂದಿಟ್ಟುಕೊಳ್ಳೋಣ. ಹೊತ್ತನ್ನು ಅಡ್ಡಕ್ಕೆ, ಬೆಳಕನ್ನು ಉದ್ದಕ್ಕೆ ಹಾಕಿ ಗೆರೆ ಎಳೆದರೆ ಒಂದು ಗುಂಡಿ ಕಾಣುತ್ತದೆ. ಆ ಗುಂಡಿಯ ಆಕಾರವೇ ಅರ್ಧ ಕಥೆ ಹೇಳುತ್ತದೆ.

ಗುಂಡಿಯ ತಳ ಚಪ್ಪಟೆಯಾಗಿಲ್ಲ. ಬಿ ನಕ್ಷತ್ರ ಎ ನಕ್ಷತ್ರವನ್ನು ಪೂರ್ತಿ ನುಂಗಿದ್ದರೆ, ನುಂಗಿದಷ್ಟು ಹೊತ್ತು ಬೆಳಕು ಒಂದೇ ಮಟ್ಟದಲ್ಲಿ ನಿಲ್ಲುತ್ತಿತ್ತು. ಇಲ್ಲಿ ಇಳಿದ ಗೆರೆ ನಿಲ್ಲದೆ ಮೇಲೇಳುತ್ತದೆ. ಆದ್ದರಿಂದ ಇದು ಖಗ್ರಾಸವಲ್ಲ, ಖಂಡಗ್ರಾಸ. ಕಕ್ಷೆಯನ್ನು ನಾವು ಸರಿಯಾಗಿ ಅಂಚಿನಿಂದ ನೋಡುತ್ತಿಲ್ಲ, ಸ್ವಲ್ಪ ಓರೆಯಲ್ಲಿ ನೋಡುತ್ತಿದ್ದೇವೆ. ಎಷ್ಟು ಓರೆ? ಪೂರ್ತಿ ಅಂಚು ಅಂದರೆ 90 ಡಿಗ್ರಿ. ಆಲ್ಗಾಲ್ ಅದರಿಂದ ಎಂಟೂವರೆ ಡಿಗ್ರಿಯಷ್ಟು ಸರಿದಿದೆ. ಗುಂಡಿಯ ಆಳ, ಅಗಲ, ಇಳಿಜಾರು ಮೂರೂ ಒಟ್ಟಿಗೆ ಹೊಂದುವ ಓರೆಯನ್ನು ಹುಡುಕಿ ಈ ಸಂಖ್ಯೆ ತೆಗೆಯುತ್ತಾರೆ.

ಒಂದು ಸುತ್ತಿನಲ್ಲಿ ಎರಡು ಗ್ರಹಣ ಇರಬೇಕು ಅಲ್ವಾ? ಬಿ ಮುಂದೆ ಬಂದಾಗ ಒಂದು, ಎ ಮುಂದೆ ಬಂದಾಗ ಇನ್ನೊಂದು. ಆ ಎರಡನೆಯದನ್ನು ನೂರಕ್ಕೂ ಹೆಚ್ಚು ವರ್ಷ ಯಾರೂ ನೋಡಲಿಲ್ಲ. ಬಿ ಎಷ್ಟು ಮಂಕು ಅಂದರೆ ಅದು ಮರೆಯಾದರೂ ಬೆಳಕಿನಲ್ಲಿ ಕಣ್ಣಿಗೆ ಗೊತ್ತಾಗುವಷ್ಟು ವ್ಯತ್ಯಾಸ ಆಗದು. ಪಳಗಿದ ಕಣ್ಣಿಗೂ 0.1 ಕಾಂತಿಮಾನದ ವ್ಯತ್ಯಾಸ ಹಿಡಿಯೋದೇ ದೊಡ್ಡ ಮಾತು. 1910ರಲ್ಲಿ ಅಮೆರಿಕದ ಜೋಯೆಲ್ ಸ್ಟೆಬಿನ್ಸ್ ಸೆಲೆನಿಯಂ ತುಂಡೊಂದನ್ನು ದೂರದರ್ಶಕಕ್ಕೆ ಜೋಡಿಸಿದರು. ಬೆಳಕು ಬಿದ್ದಾಗ ಸೆಲೆನಿಯಂನ ವಿದ್ಯುತ್ ರೋಧ ಬದಲಾಗುತ್ತದೆ, ಅದನ್ನು ಅಳೆದರೆ ಬೆಳಕು ಅಳೆದಂತೆ. ಅವರಿಗೆ ಎರಡನೆಯ ಗುಂಡಿ ಸಿಕ್ಕಿತು. ಆಳ ಬರೀ 0.06.

ಈ ಪುಟ್ಟ ಗುಂಡಿಯಿಂದ ಎರಡು ದೊಡ್ಡ ವಿಷಯ ಹೊರಬಿದ್ದವು. ಒಂದು, ಅದು ಎರಡು ದೊಡ್ಡ ಗುಂಡಿಗಳ ನಟ್ಟನಡುವೆ ಬರುತ್ತದೆ, ಅಂದರೆ ಕಕ್ಷೆ ಹೆಚ್ಚುಕಡಿಮೆ ವೃತ್ತ. ಎರಡನೆಯದು ಬಿಸಿಯ ವಿಷಯ. ಎರಡೂ ಗ್ರಹಣದಲ್ಲಿ ಮುಚ್ಚಿಹೋಗುವ ಜಾಗದ ವಿಸ್ತೀರ್ಣ ಒಂದೇ. ಒಮ್ಮೆ ಎ ಮೈಯ ಅಷ್ಟು ಜಾಗ ಮರೆಯಾಗುತ್ತದೆ, ಇನ್ನೊಮ್ಮೆ ಬಿ ಮೈಯ ಅಷ್ಟೇ ಜಾಗ. ಹಾಗಾಗಿ ಎರಡು ಗುಂಡಿಗಳ ಆಳವನ್ನು ಹೋಲಿಸಿದರೆ ಯಾವುದರ ಮೈ ಎಷ್ಟು ಪಟ್ಟು ಪ್ರಖರ ಎಂದು ನೇರವಾಗಿ ಸಿಗುತ್ತದೆ. ಗಾತ್ರ ಗೊತ್ತಿರಬೇಕಿಲ್ಲ, ದೂರವೂ ಗೊತ್ತಿರಬೇಕಿಲ್ಲ. ಗ್ರಹಣ ಜೋಡಿಗಳ ಬಗ್ಗೆ ನನಗೆ ತುಂಬ ಇಷ್ಟವಾದ ಸಂಗತಿ ಇದು.

ಈಗಿನ ಅಳತೆಯಲ್ಲಿ ಎ ಮೈಯ ಬಿಸಿ ಸುಮಾರು 12,500 ಕೆಲ್ವಿನ್, ಬಿ ಮೈಯದು ಸುಮಾರು 4,900. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಎ ಮೈಯ ಒಂದು ತುಂಡು, ಬಿ ಮೈಯ ಅಷ್ಟೇ ತುಂಡಿಗಿಂತ ಮೂವತ್ತು ಪಟ್ಟಿನಷ್ಟು ಜಾಸ್ತಿ ಬೆಳಗುತ್ತದೆ. ಈ ಲೆಕ್ಕದ ಪ್ರಕಾರ ಎರಡನೆಯ ಗುಂಡಿ 0.025 ಇದ್ದರೆ ಸಾಕಿತ್ತು. ಸ್ಟೆಬಿನ್ಸ್‌ಗೆ ಸಿಕ್ಕಿದ್ದು ಅದರ ಎರಡು ಪಟ್ಟಿಗಿಂತ ಜಾಸ್ತಿ. ಯಾಕೆಂದರೆ ಎ ಕಡೆಗೆ ಮುಖ ಮಾಡಿರುವ ಬಿ ಮೈ, ಒಲೆಯ ಮುಂದೆ ಕೂತವರ ಮುಖದಂತೆ ಕಾದು ಬೆಳಗುತ್ತಿರುತ್ತದೆ. ಎರಡನೆಯ ಗ್ರಹಣದಲ್ಲಿ ಮರೆಯಾಗುವುದು ಆ ಕಾದ ಬದಿಯೇ. ಇದನ್ನೂ ಸ್ಟೆಬಿನ್ಸ್ ತಮ್ಮ ಗೆರೆಯಲ್ಲೇ ಗುರುತಿಸಿದ್ದರು.

ಇಷ್ಟೆಲ್ಲ ಆದರೂ ಒಂದು ಕೊರತೆ ಉಳಿಯುತ್ತದೆ. ಬೆಳಕಿನ ಗೆರೆ ಎಷ್ಟೇ ನುಣುಪಾಗಿದ್ದರೂ ಕೊಡುವುದೆಲ್ಲ ಅನುಪಾತ ಮಾತ್ರ. ನಡುವಿನ ದೂರದ ಹತ್ತರಲ್ಲಿ ಎರಡು ಪಾಲು ಎ ತ್ರಿಜ್ಯ, ನಾಲ್ಕರಲ್ಲಿ ಒಂದು ಪಾಲು ಬಿ ತ್ರಿಜ್ಯ, ಹೀಗೆ. ಆ ದೂರ ಒಂದು ಲಕ್ಷ ಕಿಲೋಮೀಟರೋ ಒಂದು ಕೋಟಿಯೋ, ಗೆರೆ ಬಾಯಿಬಿಡದು. ಅಳತೆಪಟ್ಟಿ ಬರೆಯದ ನಕ್ಷೆ ಇದ್ದಂತೆ. ಊರುಗಳೆಲ್ಲ ಸರಿಯಾದ ಜಾಗದಲ್ಲೇ ಇವೆ, ನಡೆಯಲು ಎಷ್ಟು ದೂರ ಎಂದು ಮಾತ್ರ ತಿಳಿಯದು.

ಒಂದೇ ತಟ್ಟೆ

ಅಳತೆಪಟ್ಟಿ ಬಂದದ್ದು ಜರ್ಮನಿಯ ಪಾಟ್ಸ್‌ಡ್ಯಾಮ್‌ನಿಂದ. 1889ರಲ್ಲಿ ಹರ್ಮನ್ ಕಾರ್ಲ್ ಫೋಗೆಲ್ ಆಲ್ಗಾಲ್‌ನ ಬೆಳಕನ್ನು ರೋಹಿತವಾಗಿ, ಅಂದರೆ ಬಣ್ಣಗಳ ಪಟ್ಟಿಯಾಗಿ, ಬಿಡಿಸಿ ಫೋಟೋ ತೆಗೆದರು. ಆ ಪಟ್ಟಿಯಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ನಕ್ಷತ್ರ ದೂರ ಹೋಗುತ್ತಿದ್ದರೆ ಅವು ಕೆಂಪಿನ ಕಡೆಗೆ ಸರಿಯುತ್ತವೆ, ಹತ್ತಿರ ಬರುತ್ತಿದ್ದರೆ ನೀಲಿಯ ಕಡೆಗೆ. ಮಂಕಾಗುವ ಮುಂಚೆ ಗೆರೆಗಳು ಕೆಂಪಿನ ಕಡೆಗೆ ಸರಿದಿದ್ದವು, ಮಂಕಾದ ಮೇಲೆ ನೀಲಿಯ ಕಡೆಗೆ. ಅಂದರೆ ಗ್ರಹಣಕ್ಕೆ ಮುಂಚೆ ಎ ನಮ್ಮಿಂದ ದೂರ ಓಡುತ್ತಿದೆ, ಆಮೇಲೆ ನಮ್ಮತ್ತ ಬರುತ್ತಿದೆ. ಇನ್ನೊಂದರ ಹಿಂದೆ ಹೋಗಿ ಬರುವವನು ಹಾಗೇ ತಾನೆ ಮಾಡಬೇಕು. ಗುಡ್‌ರಿಕ್‌ನ ಮೊದಲ ಊಹೆ ಗೆದ್ದಿತು, ಕಲೆಯ ಊಹೆ ಬಿದ್ದುಹೋಯಿತು.

ವೇಗ ಸೆಕೆಂಡಿಗೆ ಸುಮಾರು 42 ಕಿ.ಮೀ. ಎಂದು ಬಂತು. ಇವತ್ತಿನ ಸಂಖ್ಯೆ 44ರ ಆಸುಪಾಸು. ಕೇಳೋಕೆ ಭಾರಿ ವೇಗ, ಆದರೆ ರೋಹಿತದ ಮೇಲೆ 434 ನ್ಯಾನೋಮೀಟರ್‌ನ ಹೈಡ್ರೋಜನ್ ಗೆರೆ ಇದಕ್ಕೆ 0.064 ನ್ಯಾನೋಮೀಟರ್ ಮಾತ್ರ ಸರಿಯುತ್ತದೆ. ಗಾಜಿನ ಫಲಕದ ಮೇಲೆ ಅದನ್ನು ಸೂಕ್ಷ್ಮದರ್ಶಕ ಇಟ್ಟು ಅಳೆದ ಕಾಲ ಅದು.

ಫೋಗೆಲ್‌ಗೆ ಕಂಡದ್ದು ಎ ನಕ್ಷತ್ರದ ಗೆರೆಗಳು ಮಾತ್ರ. ಬಿ ಗೆರೆಗಳು ಎ ಬೆಳಕಿನಲ್ಲಿ ಮುಳುಗಿಹೋಗಿದ್ದವು. ಇದರಿಂದ ಏನು ತೊಂದರೆ? ಕಾವಡಿ ಹೊತ್ತವರನ್ನು ನೆನೆಯಿರಿ. ಒಂದು ಕಡೆಯ ಕೊಡ ಭಾರವಾಗಿದ್ದರೆ ಹೆಗಲನ್ನು ಆ ಕಡೆಗೆ ಸರಿಸಿಕೊಳ್ಳುತ್ತಾರೆ. ಹೆಗಲಿನಿಂದ ಎರಡೂ ಕೊಡ ಎಷ್ಟೆಷ್ಟು ದೂರ ಎಂದು ಕಂಡರೆ ಯಾವುದು ಎಷ್ಟು ಪಟ್ಟು ಭಾರ ಎಂದು ಹೇಳಬಹುದು. ಒಂದೇ ಕೊಡ ಕಂಡರೆ? ಹೆಗಲಿನಿಂದ ಅದು ಇಷ್ಟು ದೂರ ಎನ್ನಬಹುದು, ಅಷ್ಟೇ. ಎ ವೇಗ ಮಾತ್ರ ಗೊತ್ತಿದ್ದರೆ ಎ ಸೂರ್ಯನ 2 ಪಟ್ಟು, ಬಿ 0.55 ಪಟ್ಟು ಎಂದರೂ ಲೆಕ್ಕ ಸರಿಹೋಗುತ್ತದೆ. ಎ 5 ಪಟ್ಟು, ಬಿ 0.98 ಪಟ್ಟು ಎಂದರೂ ಅಷ್ಟೇ ಸರಿಹೋಗುತ್ತದೆ. ನಡುವೆ ಬೇಕಾದಷ್ಟು ಜೋಡಿಗಳಿವೆ.

ಈ ಗಂಟು ಬಿಚ್ಚಲು ಫೋಗೆಲ್ ಒಂದು ಊಹೆ ಮಾಡಿಕೊಂಡರು. ಎರಡೂ ನಕ್ಷತ್ರಗಳ ಸಾಂದ್ರತೆ ಒಂದೇ ಇರಲಿ ಎಂದು. ಆಗ ಗಾತ್ರದ ಅನುಪಾತದಿಂದಲೇ ತೂಕದ ಅನುಪಾತ ಬರುತ್ತದೆ. ಉತ್ತರ: ಎ ತೂಕ ಸೂರ್ಯನ ಒಂಬತ್ತರಲ್ಲಿ ನಾಲ್ಕು ಪಾಲು, ಬಿ ಒಂಬತ್ತರಲ್ಲಿ ಎರಡು ಪಾಲು, ನಡುವಿನ ದೂರ ಸುಮಾರು 52 ಲಕ್ಷ ಕಿ.ಮೀ.

ಉತ್ತರ ತಪ್ಪಾಗಿತ್ತು, ಅದೂ ಸ್ವಲ್ಪವಲ್ಲ. ಎ ನಿಜವಾಗಿ ಸೂರ್ಯನ ಮೂರು ಪಟ್ಟಿಗಿಂತ ಜಾಸ್ತಿ ತೂಗುತ್ತದೆ. ಅವರ ಅಳತೆಯಲ್ಲಿ ದೋಷವಿರಲಿಲ್ಲ, 42 ಎಂಬುದು 44ಕ್ಕೆ ಹತ್ತಿರವೇ. ಕೆಡಿಸಿದ್ದು ಆ ಒಂದು ಊಹೆ. ಬಿ ನಕ್ಷತ್ರ ಹಿಗ್ಗಿ ಪೊಳ್ಳಾಗಿದೆ. ಅದರ ಸರಾಸರಿ ಸಾಂದ್ರತೆ ನೀರಿನ ನಲವತ್ತನೇ ಒಂದು ಪಾಲು, ಎ ಸಾಂದ್ರತೆಯ ಒಂಬತ್ತನೇ ಒಂದು ಪಾಲು. ಹಾಗಂತ ಫೋಗೆಲ್ ಮೇಲೆ ನನಗೆ ಬೇಸರವಿಲ್ಲ. ಯಾವುದನ್ನು ಅಳೆದರು, ಯಾವುದನ್ನು ಊಹಿಸಿದರು ಎಂದು ಬೇರೆ ಬೇರೆಯಾಗಿ ಕಾಣಿಸಿದ್ದರಿಂದಲೇ ತಪ್ಪು ಎಲ್ಲಿದೆ ಎಂದು ನಾವು ಈಗ ಬೆರಳಿಟ್ಟು ತೋರಿಸಬಹುದು.

ನಡುವೆ 1924ರಲ್ಲಿ ಡೀನ್ ಮೆಕ್‌ಲಾಫ್ಲಿನ್ ಇನ್ನೊಂದು ಚೆಂದದ ವಿಷಯ ಹಿಡಿದರು. ಗ್ರಹಣ ಶುರುವಾದಾಗ ಎ ನಕ್ಷತ್ರದ ಒಂದು ಅಂಚು ಮರೆಯಾಗುತ್ತದೆ, ಮುಗಿಯುವಾಗ ಇನ್ನೊಂದು ಅಂಚು. ಎ ತನ್ನ ಸುತ್ತ ತಾನೇ ತಿರುಗುತ್ತಿರುವುದರಿಂದ ಒಂದು ಅಂಚು ನಮ್ಮತ್ತ ಬರುತ್ತಿರುತ್ತದೆ, ಇನ್ನೊಂದು ದೂರ ಹೋಗುತ್ತಿರುತ್ತದೆ. ಆದ್ದರಿಂದ ಗ್ರಹಣದ ಹೊತ್ತಿನಲ್ಲಿ ವೇಗದ ಗೆರೆ ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ ವಾಲುತ್ತದೆ. ನಕ್ಷತ್ರದ ಸ್ವಂತ ತಿರುಗಾಟ ಯಾವ ದಿಕ್ಕಿಗೆ ಎಂದು ಇದರಿಂದ ಗೊತ್ತಾಗುತ್ತದೆ. ಬೇರೆ ನಕ್ಷತ್ರಗಳ ಸುತ್ತ ಇರುವ ಗ್ರಹಗಳ ಅಧ್ಯಯನದಲ್ಲಿ ಇದೇ ಉಪಾಯ ಇವತ್ತು ಬಲು ಬಳಕೆಯಲ್ಲಿದೆ.

ಉಪ್ಪಿನ ಹಳದಿ

ಅನ್ನದ ಪಾತ್ರೆಯಿಂದ ಉಪ್ಪು ಹಾಕಿದ ನೀರು ಉಕ್ಕಿ ಗ್ಯಾಸ್ ಉರಿಗೆ ಬಿದ್ದಾಗ ನೀಲಿ ಉರಿ ಒಮ್ಮೆಲೇ ಹಳದಿಯಾಗುತ್ತದೆ. ನೋಡಿರುತ್ತೀರಿ. ಅದು ಸೋಡಿಯಂ. 589 ನ್ಯಾನೋಮೀಟರ್ ಹತ್ತಿರ ಅಂಟಿಕೊಂಡಂತಿರುವ ಎರಡು ಗೆರೆಗಳು. ಸೋಡಿಯಂ ಬಿಸಿ ಆವಿಯಾಗಿದ್ದರೆ ಈ ಬಣ್ಣ ಚೆಲ್ಲುತ್ತದೆ, ಹಿಂದಿನಿಂದ ಜೋರು ಬೆಳಕು ಬರುತ್ತಿದ್ದರೆ ಅದೇ ಬಣ್ಣವನ್ನು ಹೀರಿ ಕಪ್ಪು ಗೆರೆ ಬಿಡುತ್ತದೆ.

ಎ ನಕ್ಷತ್ರದಷ್ಟು ಬಿಸಿಯಲ್ಲಿ ಸೋಡಿಯಂ ಪರಮಾಣು ತನ್ನ ಹೊರಗಿನ ಎಲೆಕ್ಟ್ರಾನನ್ನು ಉಳಿಸಿಕೊಳ್ಳಲಾರದು. ಆದ್ದರಿಂದ ಅಲ್ಲಿ ಈ ಗೆರೆ ಬಲು ಸಣ್ಣ. ತಣ್ಣಗಿರುವ ಬಿ ನಕ್ಷತ್ರದಲ್ಲಿ ಮಾತ್ರ ದಪ್ಪ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಬಿ ಕೊಡುವುದು ಎ ಬೆಳಕಿನ ಇಪ್ಪತ್ತನೇ ಒಂದು ಪಾಲಿನಷ್ಟು. ಆ ಸಣ್ಣ ಪಾಲಿನಲ್ಲಿ ಬಿ ತಾನೇ ಎಂದು ಗುರುತು ಹೇಳುವ ಗೆರೆ ಬೇಕಿತ್ತು. ಟೆಕ್ಸಸ್ ವಿಶ್ವವಿದ್ಯಾಲಯದ ಟಾಮ್ಕಿನ್ ಮತ್ತು ಲ್ಯಾಂಬರ್ಟ್ 1978ರಲ್ಲಿ ಹಿಡಿದದ್ದು ಈ ಸೋಡಿಯಂ ಗೆರೆಗಳನ್ನೇ. ಬಿ ವೇಗ ಜಾಸ್ತಿ ಇದ್ದದ್ದೂ ಅನುಕೂಲವಾಯಿತು. ಸೆಕೆಂಡಿಗೆ 200 ಕಿ.ಮೀ. ಹತ್ತಿರದ ವೇಗಕ್ಕೆ ಗೆರೆ 0.4 ನ್ಯಾನೋಮೀಟರ್‌ನಷ್ಟು ಸರಿಯುತ್ತದೆ, ಬೇರೆ ಗೆರೆಗಳಿಂದ ಬಿಡಿಸಿಕೊಂಡು ಹೊರಗೆ ಕಾಣುತ್ತದೆ.

ಇನ್ನೊಂದು ತಟ್ಟೆ ಸಿಕ್ಕಿತು. ಇನ್ನು ಸುಮ್ನೆ ತೂಗೋದಷ್ಟೇ.

ಕಾಗದದ ಮೇಲೆ

ಕ್ಯಾಲ್ಕುಲೇಟರ್ ತೆಗೆದುಕೊಂಡು ಜೊತೆಗೆ ಮಾಡಿ, ಹತ್ತು ನಿಮಿಷದ ಕೆಲಸ. ಎ ವೇಗ ಸೆಕೆಂಡಿಗೆ 44 ಕಿ.ಮೀ., ಬಿ ವೇಗ 195 ಎಂದು ಹಿಡಿಯುತ್ತೇನೆ. ಇತ್ತೀಚಿನ ಅಳತೆಗಳು ಇದರ ಆಸುಪಾಸಿನಲ್ಲೇ ಇವೆ.

ಅವಧಿ 2.8673 ದಿನ, ಅಂದರೆ 2,47,735 ಸೆಕೆಂಡು. ಎರಡೂ ವೇಗ ಕೂಡಿದರೆ 239. ಎ ಮೇಲೆ ನಿಂತು ನೋಡಿದರೆ ಬಿ ಈ ವೇಗದಲ್ಲಿ ಸುತ್ತುತ್ತದೆ. ವೇಗವನ್ನು ಅವಧಿಯಿಂದ ಗುಣಿಸಿದರೆ ಒಂದು ಸುತ್ತಿನ ಉದ್ದ 5 ಕೋಟಿ 92 ಲಕ್ಷ ಕಿ.ಮೀ. ಕಕ್ಷೆ ವೃತ್ತ ಎಂದು ಆಗಲೇ ಗೊತ್ತಾಗಿದೆಯಲ್ಲ, 6.283ರಿಂದ ಭಾಗಿಸಿ. 94.2 ಲಕ್ಷ ಕಿ.ಮೀ. ನಾವು ಓರೆಯಿಂದ ನೋಡುತ್ತಿರುವುದರಿಂದ ವೇಗ ತುಸು ಕಡಿಮೆ ಕಂಡಿರುತ್ತದೆ. ಎಂಟೂವರೆ ಡಿಗ್ರಿಯ ಆ ಓರೆ ಸರಿಪಡಿಸಿದರೆ 95.3 ಲಕ್ಷ. ಸೂರ್ಯನಿಂದ ಬುಧ ಇರುವ ದೂರದ ಆರನೇ ಒಂದು ಪಾಲು. ಅಷ್ಟರೊಳಗೆ ಎರಡು ನಕ್ಷತ್ರ.

ಈಗ ಕೆಪ್ಲರ್ ನಿಯಮ: ದೂರದ ಘನವನ್ನು ಅವಧಿಯ ವರ್ಗದಿಂದ ಭಾಗಿಸಿದರೆ ಒಟ್ಟು ತೂಕ ಸೂರ್ಯನ ಎಷ್ಟು ಪಟ್ಟು ಎಂದು ಸಿಗುತ್ತದೆ. ದೂರವನ್ನು ಭೂಮಿ–ಸೂರ್ಯರ ದೂರದ ಪಾಲಾಗಿ ಬರೆದರೆ 0.0637. ಅದರ ಘನ 0.000258. ಅವಧಿಯನ್ನು ವರ್ಷದಲ್ಲಿ ಬರೆದರೆ 0.00785, ಅದರ ವರ್ಗ 0.0000616. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 4.19. ಎರಡೂ ನಕ್ಷತ್ರ ಸೇರಿ ಸೂರ್ಯನ 4.19 ಪಟ್ಟು ತೂಕ.

ಹಂಚುವುದು ಕಾವಡಿಯ ಲೆಕ್ಕ. 195ನ್ನು 44ರಿಂದ ಭಾಗಿಸಿದರೆ 4.43. ಎ ತೂಕ ಬಿ ತೂಕದ 4.43 ಪಟ್ಟು. ಹಾಗಾದರೆ ಬಿ 0.77, ಎ 3.42. ಇನ್ನೂ ಒಂದು ಮಜಾ ಇದೆ. ಹೆಗಲು, ಅಂದರೆ ಎರಡೂ ಸುತ್ತುವ ಬಿಂದು, ಎ ನಡುವಿನಿಂದ 17.5 ಲಕ್ಷ ಕಿ.ಮೀ. ದೂರದಲ್ಲಿ ಬರುತ್ತದೆ. ಎ ತ್ರಿಜ್ಯವೇ 19 ಲಕ್ಷ. ಆ ಬಿಂದು ಎ ಹೊಟ್ಟೆಯೊಳಗೇ ಇದೆ.

ಆ 19 ಲಕ್ಷ ಎಲ್ಲಿಂದ ಬಂತು? ಸ್ಪರ್ಶದಿಂದ ಮೋಕ್ಷದವರೆಗಿನ 9.7 ಗಂಟೆಯಿಂದ. ಅಷ್ಟು ಹೊತ್ತಿನಲ್ಲಿ ಬಿ ಅಡ್ಡಲಾಗಿ ಸುಮಾರು 82 ಲಕ್ಷ ಕಿ.ಮೀ. ಸಾಗುತ್ತದೆ, ಅದರ ಅರ್ಧ 41 ಲಕ್ಷ. ಕಕ್ಷೆ ಓರೆಯಾದ್ದರಿಂದ ಬಿ ನಡು ಎ ನಡುವಿನ ಮೇಲೆ ಹಾಯದೆ, ಗ್ರಹಣದ ಮಧ್ಯಕಾಲದಲ್ಲಿ 14 ಲಕ್ಷ ಕಿ.ಮೀ. ಪಕ್ಕಕ್ಕೆ ಹಾಯುತ್ತದೆ. ಸ್ಪರ್ಶದ ಹೊತ್ತಿಗೆ ಈ ಸರಿತ ಸುಮಾರು 13 ಲಕ್ಷ. ಪೈಥಾಗರಸ್ ಹಾಕಿದರೆ ಎರಡೂ ತ್ರಿಜ್ಯ ಸೇರಿ ಸುಮಾರು 43 ಲಕ್ಷ ಕಿ.ಮೀ. ಅದರಲ್ಲಿ ಎ ಪಾಲು 19, ಬಿ ಪಾಲು 24. ಸೂರ್ಯನ ತ್ರಿಜ್ಯದ ಲೆಕ್ಕದಲ್ಲಿ ಎ 2.7, ಬಿ 3.5. ಹಗುರವಾದದ್ದೇ ದೊಡ್ಡದು, ನೋಡಿ. ಈ ಪಾಲು ಮಾಡೋದು ಮಾತ್ರ ಕೈಲೆಕ್ಕದಲ್ಲಿ ಆಗದು. ಗುಂಡಿಯ ಇಳಿಜಾರನ್ನು ಕಂಪ್ಯೂಟರಿನಲ್ಲಿ ಹೊಂದಿಸಿಯೇ ತೆಗೆಯಬೇಕು.

ಮೂರನೆಯವನು

ಗ್ರಹಣದ ಮಧ್ಯದಲ್ಲಿ ಎ ಮೈಯ ಮುಕ್ಕಾಲು ಭಾಗ ಮುಚ್ಚಿಹೋಗಿ ಅಂಚಿನ ಒಂದು ಹೋಳು ಉಳಿಯುತ್ತದೆ. ಒಟ್ಟು ಬೆಳಕಿನಲ್ಲಿ ಉಳಿಯುವುದು ಶೇ 31. ಆದರೆ ಆ 31ರಲ್ಲಿ ಹತ್ತಿರ ಹತ್ತಿರ 10 ಈ ಜೋಡಿಯದೇ ಅಲ್ಲ. ಅದು ಸಿ ನಕ್ಷತ್ರದ್ದು.

20ನೇ ಶತಮಾನದ ಮೊದಲ ದಶಕದಲ್ಲೇ ಎ ವೇಗದ ಪಟ್ಟಿಯಲ್ಲಿ ಇನ್ನೊಂದು ನಿಧಾನದ ಓಲಾಟ ಕಂಡಿತ್ತು. ಎ ಮತ್ತು ಬಿ ಜೋಡಿಯನ್ನು ಸಿ 680 ದಿನಕ್ಕೊಮ್ಮೆ ಸುತ್ತುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಗ್ರಹಣದಲ್ಲಿ ಉಳಿದ ಬೆಳಕೆಲ್ಲ ಎ ಬೆಳಕೆಂದೇ ತೋರುತ್ತದೆ. ಆಗ ಮುಚ್ಚಿದ ಭಾಗ ಕಡಿಮೆ ಅನ್ನಿಸಿ ಓರೆ ತಪ್ಪುತ್ತದೆ, ಓರೆಯ ಹಿಂದೆ ತ್ರಿಜ್ಯಗಳೂ ತಪ್ಪುತ್ತವೆ. ಹೊಸಬರು ಇಂಥ ಜೋಡಿಗಳ ಲೆಕ್ಕ ಮಾಡುವಾಗ ಜಾಸ್ತಿ ಎಡವೋದು ಇಲ್ಲೇ.

ಸಿ ಇನ್ನೊಂದು ಕಿತಾಪತಿಯನ್ನೂ ಮಾಡುತ್ತದೆ. ಅದರ ಸೆಳೆತಕ್ಕೆ ಇಡೀ ಜೋಡಿ ಒಮ್ಮೆ ನಮಗೆ ಹತ್ತಿರ, ಒಮ್ಮೆ ದೂರ ಸರಿಯುತ್ತದೆ. ದೂರ ಇದ್ದಾಗ ಬೆಳಕು ತಲುಪಲು ಹೆಚ್ಚು ಹೊತ್ತು ಬೇಕು. ಆದ್ದರಿಂದ ಗ್ರಹಣಗಳು ಆರೇಳು ನಿಮಿಷ ಮುಂಚೆ ಅಥವಾ ತಡವಾಗಿ ಬರುತ್ತವೆ. ಗಡಿಯಾರ ಕೆಟ್ಟಿಲ್ಲ, ಗಡಿಯಾರ ಹೊತ್ತವರು ಓಡಾಡುತ್ತಿದ್ದಾರೆ.

2012ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮೇಲಿನ ಚಾರಾ ದೂರದರ್ಶಕಗಳ ಬೆಳಕನ್ನು ಕೂಡಿಸಿ ಮಾಡಿದ ಚಿತ್ರಗಳು ಪ್ರಕಟವಾದವು. ಶ್ರೀನಗರದ ನಾಣ್ಯ ಕೊನೆಗೂ ಕಂಡಿತು. ಮೂರೂ ನಕ್ಷತ್ರ ಬೇರೆ ಬೇರೆ, ಬಿ ಮೈ ಎ ಕಡೆಗೆ ಎಳೆದಂತೆ ಉದ್ದವಾಗಿತ್ತು. ಕಾಣದೆಯೇ ಹಾಕಿದ್ದ ಲೆಕ್ಕಕ್ಕೂ ಕಂಡ ಚಿತ್ರಕ್ಕೂ ತಾಳೆ ಬಂತು. ಹೊಸದಾಗಿ ಖಚಿತವಾದದ್ದು ಸಿ ಕಕ್ಷೆಯ ನಿಲುವು. ಎ–ಬಿ ಕಕ್ಷೆಗೆ ಅದು ಸರಿಯಾಗಿ ಲಂಬ, 90 ಡಿಗ್ರಿ.

ಹಗುರನಿಗೇ ಮೊದಲು ಮುಪ್ಪು

ತೂಕ ಖಚಿತವಾಗುವ ಮುಂಚೆಯೇ ಒಂದು ವಿಷಯ ಜನರ ತಲೆ ಕೆಡಿಸಿತ್ತು. ಭಾರದ ನಕ್ಷತ್ರ ತನ್ನ ಇಂಧನವನ್ನು ಬೇಗ ಉರಿಸಿ ಬೇಗ ಮುದಿಯಾಗುತ್ತದೆ. ಎ ಮತ್ತು ಬಿ ಒಟ್ಟಿಗೆ ಹುಟ್ಟಿದವು. ಎ ಇನ್ನೂ ಹರೆಯದಲ್ಲಿದೆ. ಅದರ ಕಾಲು ಭಾಗವೂ ತೂಗದ ಬಿ ಆಗಲೇ ಹಿಗ್ಗಿ ಮುದಿಯಾಗಿದೆ. ಹೇಗೆ?

1955ರಲ್ಲಿ ಜಾನ್ ಕ್ರಾಫರ್ಡ್ ಕೊಟ್ಟ ಉತ್ತರ: ಈಗಿನ ಹಗುರನೇ ಮೊದಲು ಭಾರದವನು. ಮುದಿಯಾಗಿ ಹಿಗ್ಗಿದಾಗ ಅವನ ಮೈಯ ಹೊರ ಪದರ ಎ ಸೆಳೆತಕ್ಕೆ ಸಿಕ್ಕಿ ಆ ಕಡೆ ಸುರಿಯಿತು. ಎರಡು ನಕ್ಷತ್ರಗಳ ನಡುವೆ ಪ್ರತಿಯೊಂದರ ಹಿಡಿತಕ್ಕೆ ಒಂದು ಎಲ್ಲೆ ಇರುತ್ತದೆ, ರೋಶ್ ಎಲ್ಲೆ ಅನ್ನುತ್ತಾರೆ. ಅದನ್ನು ದಾಟಿದ ಅನಿಲ ಇನ್ನೊಬ್ಬರ ಪಾಲು. ಗದ್ದೆಯ ಬದು ಒಡೆದ ನೀರು ಪಕ್ಕದ ಗದ್ದೆಗೆ ಹೋಗುತ್ತದಲ್ಲ, ಹಾಗೆ.

ನಮ್ಮ ಸಂಖ್ಯೆಗಳಲ್ಲೇ ಇದನ್ನು ಪರೀಕ್ಷಿಸಬಹುದು. 4.43 ಪಟ್ಟಿನ ತೂಕದ ಅನುಪಾತಕ್ಕೆ ಬಿ ಸುತ್ತಲಿನ ರೋಶ್ ಎಲ್ಲೆಯ ತ್ರಿಜ್ಯ ನಡುವಿನ ದೂರದ ಶೇ 26. ಅಂದರೆ 95.3 ಲಕ್ಷದಲ್ಲಿ 24.8 ಲಕ್ಷ ಕಿ.ಮೀ. ಗ್ರಹಣದಿಂದ ತೆಗೆದ ಬಿ ತ್ರಿಜ್ಯ 24 ಲಕ್ಷ. ಬಿ ತನ್ನ ಬದುವಿನ ಅಂಚಿನವರೆಗೂ ತುಂಬಿದೆ. ವೇಗದಿಂದ ಒಂದು ಸಂಖ್ಯೆ, ಬೆಳಕಿನಿಂದ ಇನ್ನೊಂದು. ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ಸೇರಿದವು. ಮೊದಲ ಸಲ ಈ ಲೆಕ್ಕ ಮಾಡಿದಾಗ ನಾನು ಎರಡು ಸಲ ತಿದ್ದಿ ನೋಡಿದೆ, ಎಲ್ಲೋ ನನಗೆ ಬೇಕಾದಂತೆ ಸಂಖ್ಯೆ ಹಾಕಿಕೊಂಡೆನೇನೋ ಎಂದು.

ಹಗುರ ನಕ್ಷತ್ರದಿಂದ ಭಾರದ ನಕ್ಷತ್ರಕ್ಕೆ ಅನಿಲ ಸುರಿದರೆ ಎರಡೂ ದೂರ ಸರಿಯಬೇಕು, ಅವಧಿ ನಿಧಾನವಾಗಿ ಉದ್ದವಾಗಬೇಕು. ಆಲ್ಗಾಲ್‌ನ ಅವಧಿ ಹಾಗೆ ಒಂದೇ ದಿಕ್ಕಿಗೆ ನಡೆಯುತ್ತಿಲ್ಲ. ಸಿ ತರುವ ಆರೇಳು ನಿಮಿಷವನ್ನು ಕಳೆದ ಮೇಲೂ ಅದು ಕೆಲವು ವರ್ಷ ಉದ್ದವಾಗುತ್ತದೆ, ಕೆಲವು ವರ್ಷ ಗಿಡ್ಡವಾಗುತ್ತದೆ. ಅದರಲ್ಲಿ ಸುಮಾರು 32 ವರ್ಷದ ಒಂದು ಏರಿಳಿತವಿದೆ. ಬಿ ನಕ್ಷತ್ರಕ್ಕೆ ಸೂರ್ಯನಿಗಿರುವಂತೆ ಕಾಂತೀಯ ಚಕ್ರವಿದ್ದು, ಅದಕ್ಕೆ ತಕ್ಕಂತೆ ಅದರ ಆಕಾರ ಕೊಂಚ ಬದಲಾಗಿ ಕಕ್ಷೆಯನ್ನು ಅಲ್ಲಾಡಿಸುತ್ತದೆ ಎಂಬುದು ಈಗ ಹೆಚ್ಚು ಜನ ಒಪ್ಪುವ ವಿವರಣೆ. ಆದ್ದರಿಂದಲೇ ಹಳೆಯ ಪಟ್ಟಿ ಇಟ್ಟುಕೊಂಡು ಮಾಳಿಗೆ ಹತ್ತಿದರೆ, ಐದೂವರೆ ಗಂಟೆ ಸರಿಯಾಗಿ ಕೂಡಿಸಿದರೂ ಮಧ್ಯಕಾಲ ಹೇಳಿದ ಹೊತ್ತಿಗೆ ಬರುವುದಿಲ್ಲ. ಎಷ್ಟು ನಿಮಿಷ ತಪ್ಪಿತು ಎಂದು ಬರೆದಿಡಿ. ಗುಡ್‌ರಿಕ್ ಅಳೆದದ್ದೂ ಅದನ್ನೇ, ಈಗಲೂ ಅಳೆಯುತ್ತಿರುವುದು ಅದನ್ನೇ.